ಎರಡು ಕೆರೆಗಳ ಒಂದು ಚಿತ್ರ

ಮೊನ್ನೆ ಕುಂಬಾರಕೊಪ್ಪಲಿನಲ್ಲಿರುವ ನನ್ನ ತಂಗಿಯ ಮಗಳ ಮನೆಗೆ ಹೋಗಿದ್ದೆ. ನೀರಿನ ಪೈಪು ಹಾಕಲೆಂದು ಮನೆಯ ಮುಂದೆ ಆಳುದ್ದ ಅಗೆದಿದ್ದರು. ಹಿಂದಿನ ಸಂಜೆ ಮಳೆ ಬಿದ್ದಿತ್ತು. ಗುಂಡಿಗೆ ಅಡ್ಡ ಇಟ್ಟಿದ್ದ ಹಲಗೆಯನ್ನು ದಾಟುವಾಗ ಕೆಳಗಿನಿಂದ ಹಸಿ ಜೇಡಿಮಣ್ಣಿನ ವಾಸನೆ ಬಂತು. ನಾನು ಹಲಗೆಯ ನಡುವೆಯೇ ನಿಂತುಬಿಟ್ಟೆ.

“ದೊಡ್ಡಮ್ಮ, ತಲೆ ಸುತ್ತುತ್ತಾ? ಕೈ ಕೊಡಿ,” ಎಂದು ಅವಳು ಓಡಿಬಂದಳು.

ತಲೆ ಸುತ್ತಿರಲಿಲ್ಲ. ಆದರೆ ಆ ದಿನವೆಲ್ಲ ಊಟ ಸೇರಲಿಲ್ಲ. ಅರವತ್ತರ ದಶಕದ ನಡುವಿನ ಒಂದು ವರ್ಷ, ದೀಪಾವಳಿಯಿಂದ ಯುಗಾದಿಯ ಆಚೆಯವರೆಗೆ, ಪ್ರತಿದಿನ ಆ ವಾಸನೆಯನ್ನು ಸೀರೆಯ ನೆರಿಗೆಯಲ್ಲಿ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದವಳು ನಾನು. ಆ ವರ್ಷ ನಾನು ಮಾಡಿದ ಒಂದು ಕೆಲಸವನ್ನು ಇದುವರೆಗೆ ಬರೆದಿಟ್ಟಿಲ್ಲ.

ನಾನಾಗ ಮೈಸೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಹುಡುಗರಿಗೆ ಲೆನ್ಸು, ಲೋಲಕ, ಬ್ಯಾಟರಿಗಳ ಪ್ರಯೋಗ ಮಾಡಿಸುವ ಕೆಲಸ. ನಮ್ಮಪ್ಪ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುತ್ತಿದ್ದರು. ಚರ್ಚಿನ ಹಿಂದಿನ ಬೀದಿಯಲ್ಲಿ ಮನೆ. ನಮ್ಮ ಬೀದಿಯಲ್ಲಿ ಎಂಎಸ್ಸಿ ಮಾಡಿದ ಮೊದಲ ಹುಡುಗಿ ಲೂರ್ದಮ್ಮ, ಅಂದರೆ ನಾನು. ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದಾಗ ಪಾದ್ರಿಗಳು ನಾಲ್ಕು ಜನರ ಮುಂದೆ ನನ್ನನ್ನು ನಿಲ್ಲಿಸಿಕೊಂಡು ಮಾತಾಡಿಸುತ್ತಿದ್ದರು. ಅದು ನನಗೆ ಚೆನ್ನಾಗಿಯೇ ರುಚಿಸಿತ್ತು.

ವಿಭಾಗದಲ್ಲಿ ನಂಜೇಗೌಡ ಮೇಷ್ಟ್ರು ಎಂಬ ಲೆಕ್ಚರರ್ ಇದ್ದರು. ತಿರುಮಕೂಡಲಿನ ಕಡೆಯ ಬೇಸಾಯದ ಮನೆಯವರು. ಪಂಚೆ ಬಿಟ್ಟು ಪ್ಯಾಂಟು ಹಾಕಲು ಕಲಿತದ್ದೇ ಕೆಲಸ ಸಿಕ್ಕ ಮೇಲೆ ಎಂದು ತಾವೇ ಹೇಳಿಕೊಂಡು ನಗುತ್ತಿದ್ದರು. ಅಮೆರಿಕದವರ ಒಂದು ಉಪಗ್ರಹ ಮೇಲಿನಿಂದ ಮೋಡಗಳ ಚಿತ್ರ ತೆಗೆದು ಕಳಿಸಿದ್ದನ್ನು ಪತ್ರಿಕೆಯಲ್ಲಿ ನೋಡಿದ ದಿನದಿಂದ ಅವರ ತಲೆಯಲ್ಲಿ ಒಂದೇ ಗುಂಗು. ನಮ್ಮಲ್ಲೂ ದಕ್ಷಿಣದ ಸಮುದ್ರದ ದಂಡೆಯಿಂದ ಸಣ್ಣ ರಾಕೆಟ್ ಹಾರಿಸಲು ಆಗಷ್ಟೇ ಶುರುಮಾಡಿದ್ದರು.

“ಮೋಡ ಕಾಣಿಸ್ತದೆ ಅಂದ್ರೆ ಕೆರೆ ಯಾಕೆ ಕಾಣಿಸಬಾರದು ಲೂರ್ದಮ್ಮ?” ಎಂದರು ಒಂದು ದಿನ ಪ್ರಯೋಗಾಲಯದಲ್ಲಿ. “ಇವತ್ತಲ್ಲ ನಾಳೆ ನಮ್ಮವರೂ ಒಂದು ಉಪಗ್ರಹ ಬಿಡ್ತಾರೆ. ಬಿಟ್ಟಾಗ ಅದರಲ್ಲಿ ಎಂಥ ಕ್ಯಾಮರಾ ಇರಬೇಕು, ಎಷ್ಟು ಎತ್ತರದಲ್ಲಿ ಹೋಗಬೇಕು, ಬೆಳಿಗ್ಗೆ ಬರಬೇಕಾ ಮಧ್ಯಾಹ್ನ ಬರಬೇಕಾ, ಇದನ್ನೆಲ್ಲ ಯಾರಾದ್ರೂ ಈಗಲೇ ಯೋಚನೆ ಮಾಡಿರಬೇಕಲ್ಲ.”

ತಮಗೆ ಕೆರೆಯೇ ಯಾಕೆ ಎಂಬುದನ್ನೂ ಹೇಳಿದರು. ಅವರು ಹೈಸ್ಕೂಲಿನಲ್ಲಿದ್ದಾಗ ಊರಿನ ಕೆರೆ ತುಂಬಿದೆ ಎಂದು ಶಾನುಭೋಗರು ಮನೆಯಲ್ಲೇ ಕೂತು ದಾಖಲೆ ಬರೆದುಬಿಟ್ಟಿದ್ದರಂತೆ. ಅದನ್ನು ನಂಬಿ ಅವರಪ್ಪನೂ ಸೇರಿ ಊರಿನವರೆಲ್ಲ ಭತ್ತ ನಾಟಿ ಮಾಡಿದರು. ಪೈರು ಹೊಡೆ ಬಿಚ್ಚುವ ಹೊತ್ತಿಗೆ ತೂಬಿನಲ್ಲಿ ನೀರು ನಿಂತುಹೋಯಿತು. “ಯಾರೂ ಹೋಗಿ ನೋಡ್ಲಿಲ್ಲ. ಅಷ್ಟೇ. ಒಬ್ಬರು ಹೋಗಿ ನೋಡಿದ್ದಿದ್ರೆ ರಾಗಿ ಹಾಕ್ತಿದ್ರು,” ಎಂದರು.

ಉಪಗ್ರಹವಿಲ್ಲದೆ ಉಪಗ್ರಹದ ಪರೀಕ್ಷೆ ಮಾಡುವ ಉಪಾಯವೂ ಅವರದೇ. ಕಾಲೇಜಿನ ಹಿಂದೆ ಹಳೆಯ ಕುದುರೆ ಲಾಯವೊಂದು ಖಾಲಿ ಬಿದ್ದಿತ್ತು. ಅದರ ನೆಲದ ತುಂಬ ಒಂದು ತಾಲ್ಲೂಕನ್ನು ಮಣ್ಣಿನಲ್ಲಿ ಮಾಡುವುದು. ಗುಡ್ಡ, ಹೊಳೆ, ಗದ್ದೆ, ಕೆರೆ, ಎಲ್ಲ ಅಳತೆಗೆ ತಕ್ಕಂತೆ. ಚಾವಣಿಯ ತೊಲೆಗೆ ಕಬ್ಬಿಣದ ಹಳಿ ಕಟ್ಟಿ, ಅದರ ಮೇಲೆ ಗಾಜಿನ ಪ್ಲೇಟು ಹಾಕುವ ಹಳೆಯ ಕ್ಯಾಮರಾವನ್ನು ತಲೆಕೆಳಗಾಗಿ ತೂಗುಹಾಕಿ, ಹಗ್ಗದಿಂದ ನಿಧಾನವಾಗಿ ಎಳೆಯುವುದು. ದೊಡ್ಡ ವಿದ್ಯುದ್ದೀಪವೊಂದು ಸೂರ್ಯ. ಯಾವ ತಿಂಗಳು, ಯಾವ ಹೊತ್ತಿಗೆ ಆ ದೀಪ ಎಷ್ಟು ಓರೆಯಾಗಿರಬೇಕು, ಉಪಗ್ರಹ ಒಮ್ಮೆ ಹೋದ ದಾರಿಗೆ ಮತ್ತೆ ಎಷ್ಟು ದಿನಕ್ಕೆ ಬರುತ್ತದೆ ಎಂಬ ಲೆಕ್ಕವೆಲ್ಲ ನನ್ನದು. ಲಾಗರಿದಮ್ ಪುಸ್ತಕ, ಕೈಯಲ್ಲಿ ತಿರುಗಿಸುವ ಒಂದು ಲೆಕ್ಕದ ಯಂತ್ರ, ಪೆನ್ಸಿಲು. ಇಷ್ಟರಲ್ಲೇ ಮಾಡಿದೆ. ತಪ್ಪಿಲ್ಲದೆ ಮಾಡಿದೆ.

ಮಣ್ಣಿನ ತಾಲ್ಲೂಕು ಮಾಡಿದವರು ಸಿದ್ದಶೆಟ್ಟರು. ಕುಂಬಾರಕೊಪ್ಪಲಿನಲ್ಲಿ ಮಡಕೆ ಮಾಡುವವರು, ಆಗಲೇ ಅರವತ್ತರ ಹತ್ತಿರ. ಮೇಷ್ಟ್ರು ನಕ್ಷೆ ಬಿಚ್ಚಿ ಎತ್ತರದ ಗೆರೆಗಳನ್ನು ವಿವರಿಸಲು ಹೊರಟರೆ ಅವರು ಕೈ ಅಡ್ಡ ಹಿಡಿದರು. “ಈ ಗೀಟೆಲ್ಲ ನಂಗೆ ತಿಳಿಯಕಿಲ್ಲ ಮೇಷ್ಟ್ರೇ. ಊರೆಸ್ರು ಏಳಿ ಸಾಕು. ಮಣ್ಣಿಗೆ ಅಂತ ನಾನು ಕಾಲಿಡದಿರೋ ಕೆರೆ ಈ ಸುತ್ತಿನಾಗೆ ಯಾವ್ದೂ ಇಲ್ಲ.”

ಅದು ಜಂಬದ ಮಾತಾಗಿರಲಿಲ್ಲ. ಮಡಕೆಗೆ ಒಳ್ಳೆಯ ಜೇಡಿ ಸಿಗುವುದು ಕೆರೆಯ ಅಂಗಳದಲ್ಲಿ. ಬೇಸಿಗೆಯಲ್ಲಿ ನೀರು ಇಳಿದಾಗ ಅಗೆದು ತರಬೇಕು. ನಲವತ್ತು ವರ್ಷ ಅಗೆದವರಿಗೆ ಯಾವ ಕೆರೆ ಎಲ್ಲಿ ಇಳಿಜಾರು, ಎಲ್ಲಿ ಗುಂಡಿ ಎಂಬುದು ಮನೆಯ ಮೆಟ್ಟಿಲಿನಷ್ಟೇ ಗೊತ್ತಿತ್ತು. ನೆಲದ ಮೇಲೆ ಅಂಗಾಲೂರಿ ಕೂತು ಹಸಿ ಮಣ್ಣನ್ನು ಅಂಗೈಯಲ್ಲಿ ಸವರುತ್ತ ಹೋದರೆ ಗುಡ್ಡ ಏಳುತ್ತಿತ್ತು, ಹಳ್ಳ ಇಳಿಯುತ್ತಿತ್ತು. ಕೆರೆಗಳನ್ನು ಮಾತ್ರ ಮನೆಯಲ್ಲಿ ಬೇರೆಯಾಗಿ ಸುಟ್ಟು ತಂದು, ಊಟದ ತಟ್ಟೆಯಷ್ಟಗಲದ ಬೋಗುಣಿಗಳಂತೆ, ಮಣ್ಣಿನಲ್ಲಿ ಕೂರಿಸಿದರು. ನೀರು ಹುಯ್ದರೆ ನಿಲ್ಲಬೇಕಲ್ಲ.

ಆ ಚಳಿಗಾಲ ನನ್ನ ಜೀವನದ ಅತಿ ಸುಖದ ಕಾಲ. ಹಂಚಿನ ಸಂದಿಯಿಂದ ಬೆಳಗಿನ ಬಿಸಿಲು ಬಿದ್ದು ನಮ್ಮ ದೀಪದ ಸೂರ್ಯನಿಗೆ ಅಡ್ಡಿಯಾಗುತ್ತಿತ್ತೆಂದು ಗೋಣಿತಾಟು ಕಟ್ಟಿದೆವು. ಮಂಜು ಮುಸುಕಿದ ಹವೆಗೆ ಲೆನ್ಸಿನ ಮುಂದೆ ತೆಳುಬಟ್ಟೆ ಬಿಗಿದೆವು. ಮಳೆಗಾಲದ ಮೋಡಕ್ಕೆ ಹತ್ತಿ ಹಿಂಜಿ ದಾರದಲ್ಲಿ ಇಳಿಬಿಟ್ಟೆವು. ಆಷಾಢದಲ್ಲಿ ಕ್ಯಾಮರಾಕ್ಕೆ ಏನೂ ಕಾಣುವುದಿಲ್ಲ, ಕಾರ್ತಿಕದಿಂದ ಕಾಣುತ್ತದೆ ಎಂದು ತಿಳಿದದ್ದು ಆ ಹತ್ತಿಯಿಂದ. ದೀಪ ನೆತ್ತಿಯ ಮೇಲಿದ್ದರೆ ನೀರು ಕನ್ನಡಿಯಂತೆ ಹೊಳೆದು ಚಿತ್ರ ಕೆಡುತ್ತಿತ್ತು. ಓರೆಯಾಗಿಟ್ಟರೆ ಏರಿಯ ನೆರಳು ಸ್ಪಷ್ಟವಾಗಿ ಬೀಳುತ್ತಿತ್ತು. ಬೆಳಿಗ್ಗೆ ಹತ್ತರ ಹೊತ್ತೇ ಸರಿ ಎಂದು ಬರೆದೆವು. ಸಿದ್ದಶೆಟ್ಟರ ಹೆಂಡತಿ ಕೆಂಪಮ್ಮ ಮಧ್ಯಾಹ್ನ ಗಂಡನಿಗೆ ಮುದ್ದೆ ತಂದಾಗ ನನಗೂ ಒಂದು ತರುತ್ತಿದ್ದರು. ಮೊದಮೊದಲು “ಕಿರಸ್ತಾನದೋರು ಉಣ್ತಾರೋ ಇಲ್ವೋ” ಎಂದು ಗಂಡನನ್ನು ಕೇಳುತ್ತಿದ್ದವರು, ಆಮೇಲೆ ನನ್ನನ್ನೇ ಗದರಿಸುತ್ತಿದ್ದರು: “ಇಷ್ಟೇ ಉಂಡ್ರೆ ಎಂಗವ್ವ ಲೆಕ್ಕ ಮಾಡೀಯೆ?”

ಮಾರ್ಚ್ ಹೊತ್ತಿಗೆ ವರದಿ ಸಿದ್ಧವಾಗುತ್ತಿತ್ತು. ಮೇಷ್ಟ್ರು ತಮ್ಮ ಹೆಸರಿನ ಕೆಳಗೆ ನನ್ನ ಹೆಸರನ್ನೂ ಹಾಕಿದ್ದರು. ಟೈಪಾಗಿ ಬಂದ ಮೊದಲ ಪುಟವನ್ನು ನಾನು ಮನೆಗೆ ಒಯ್ದು ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಒರೆಸಿ ಒರೆಸಿ ನೋಡಿದರು. ಬೆಂಗಳೂರಿನಿಂದ ಮೂವರು ಹಿರಿಯ ವಿಜ್ಞಾನಿಗಳು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ನಮಗೆ ಸರಿಯಾದ ಪ್ರಯೋಗಾಲಯ, ನನಗೆ ಸಂಶೋಧನೆಯ ಹುದ್ದೆ. ಅವರನ್ನು ಕರೆಯಲೆಂದು ಮೇಷ್ಟ್ರು ಬೆಂಗಳೂರಿಗೆ ಹೋಗಿ ನಾಲ್ಕು ದಿನ ಅಲ್ಲೇ ಇದ್ದರು.

ಅವರಿಲ್ಲದ ಮಂಗಳವಾರ ಸಿದ್ದಶೆಟ್ಟರು ಚೀಲದಿಂದ ಎರಡು ಹೊಸ ಕೆರೆಗಳನ್ನು ತೆಗೆದರು. ಬಾಯಿ ಎರಡಕ್ಕೂ ಒಂದೇ ಅಗಲ. ಒಂದು ಆಳ; ಇನ್ನೊಂದು ತಳದಿಂದ ಅಂಚಿನವರೆಗೆ ಹೂಳು ತುಂಬಿದಂತೆ, ನಡುವೆ ಒಂದಂಗುಲ ತಗ್ಗು ಮಾತ್ರ.

“ಇದು ನೋಡವ್ವ, ಊಳು ತುಂಬಿದ ಕೆರೆ. ನಮ್ ಸೀಮೆ ಕೆರೆ ಅರ್ಧಕ್ಕರ್ಧ ಇಂಗೇ ಅವೆ. ಎಲ್ಡಕ್ಕೂ ನೀರಾಕಿ ಒಂದು ಫೋಟ ತೆಗಿ. ನಿನ್ ಕ್ಯಾಮ್ರಕ್ಕೆ ಯಾವ್ದು ಯಾವ್ದು ಅಂತ ಗೊತ್ತಾಯ್ತದೋ ನೋಡವ.”

ಇಬ್ಬರೂ ಸೇರಿ ಕೂರಿಸಿದೆವು. ಕೆರೆಯ ನೀರಿನ ಹಾಗೆ ಮಣ್ಣು ಕದಡಿದ ನೀರು ಹುಯ್ದೆವು. ಕ್ಯಾಮರಾ ಎಳೆದೆ, ಪ್ಲೇಟು ತೆಗೆದೆ, ಕೆಂಪು ದೀಪದ ಕೋಣೆಯಲ್ಲಿ ತೊಳೆದೆ. ಪ್ಲೇಟಿನಲ್ಲಿ ಎರಡು ಮಚ್ಚೆಗಳು. ಒಂದೇ ಅಗಲ, ಒಂದೇ ಬಣ್ಣ. ಹಿಡಿದು ತಿರುಗಿಸಿದರೆ ಯಾವುದು ಯಾವುದೆಂದು ನನಗೇ ತಿಳಿಯುತ್ತಿರಲಿಲ್ಲ.

ಶಾನುಭೋಗರು ಮಾಡಿದ ತಪ್ಪನ್ನೇ ನಮ್ಮ ಉಪಗ್ರಹವೂ ಮಾಡುತ್ತದೆ. ಮುಕ್ಕಾಲು ಪಾಲು ಹೂಳಿರುವ ಕೆರೆಯನ್ನು ನೋಡಿ ತುಂಬಿದೆ ಎಂದು ಹೇಳುತ್ತದೆ.

ಲಾಯಕ್ಕೆ ಹಿಂತಿರುಗಿ ಚಿತ್ರವನ್ನು ತೋರಿಸಿದೆ. ಸಿದ್ದಶೆಟ್ಟರಿಗೆ ಆಶ್ಚರ್ಯವೇ ಆಗಲಿಲ್ಲ. “ಅಂಗೇ ಆಗೋದು. ಈಗ ನೀರು ತಗೀಬ್ಯಾಡ. ಎಲ್ಡು ದಿನ ಅಂಗೇ ಬುಟ್ಟು, ಇನ್ನೊಂದು ಫೋಟ ತೆಗಿ,” ಎಂದರು.

“ಒಂದೇ ಸಾಕಾಗಿದೆ ಶೆಟ್ಟರೇ,” ಎಂದೆ ನಾನು, ಸ್ವಲ್ಪ ಸಿಡುಕಿನಿಂದ. ಅವರು ಕೆಟ್ಟ ಸುದ್ದಿಯನ್ನು ಇನ್ನಷ್ಟು ದೊಡ್ಡದು ಮಾಡಲು ಹೊರಟಿದ್ದಾರೆ ಎಂದುಕೊಂಡೆ. ಯಾಕೆ ಎರಡು ದಿನ ಎಂದು ಕೇಳಲೇ ಇಲ್ಲ. ಅವರು ಮಣ್ಣು ತರಲು ಹೋದಾಗ ಎರಡು ಬೋಗುಣಿಗಳನ್ನೂ ಕಿತ್ತು ಹಿಂದಿನ ಬೇಲಿಯಾಚೆ ಒಡೆದುಹಾಕಿ, ಹಳೆಯವನ್ನೇ ಕೂರಿಸಿದೆ. ಪ್ಲೇಟನ್ನು ಬಿಸಿನೀರು, ಸೋಡಾದಲ್ಲಿ ಉಜ್ಜಿ ಬರಿಯ ಗಾಜು ಮಾಡಿಟ್ಟೆ. ಅವರು ವಾಪಸು ಬಂದು ನೋಡಿ, “ತಗ್ದ್‌ಬುಟ್ಯಾ?” ಎಂದರು. “ಮೇಷ್ಟ್ರು ಬಂದ ಮೇಲೆ ಮಾಡೋಣ,” ಎಂದೆ. ಅವರು ಮತ್ತೆ ಆ ಮಾತೆತ್ತಲಿಲ್ಲ. ನಾನು ಮೇಷ್ಟ್ರಿಗೆ ಹೇಳಿರುತ್ತೇನೆಂದು ನಂಬಿದ್ದರು.

ಮೇಷ್ಟ್ರ ಮನಸ್ಸು ನೋಯದಿರಲಿ ಎಂದು ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದರಲ್ಲಿ ಒಂದಿಷ್ಟು ನಿಜವೂ ಇದೆ. ಹೆಚ್ಚಿನ ನಿಜ ಏನೆಂದರೆ, ಆ ವರದಿಯಲ್ಲಿ ನನ್ನ ಹೆಸರಿತ್ತು.

ಬೆಂಗಳೂರಿನವರು ಬಂದದ್ದು ಯುಗಾದಿ ಕಳೆದ ಮೇಲೆ, ಹಂಚು ಕಾದು ಲಾಯದೊಳಗೆ ಬೆವರು ಸುರಿಯುವ ದಿನ. ಮೂವರೂ ಕೋಟು ಕಳಚಲಿಲ್ಲ. ಮೇಷ್ಟ್ರು ಎರಡು ಗಂಟೆ ತೋರಿಸಿದರು, ವಿವರಿಸಿದರು. ಕ್ಯಾಮರಾ ಹಳಿಯ ಮೇಲೆ ಸರಿಯುವಾಗ ಅವರಲ್ಲಿ ಕಿರಿಯರು ಮಕ್ಕಳಂತೆ ಸಂತೋಷಪಟ್ಟರು. ಸಿದ್ದಶೆಟ್ಟರು ಒಗೆದ ಪಂಚೆ, ಹೊಸ ಟವಲು ಹಾಕಿಕೊಂಡು ನೀರಿನ ಕೊಡದ ಪಕ್ಕದಲ್ಲಿ ನಿಂತಿದ್ದರು. ಎಲ್ಲ ಮುಗಿಯಿತು ಎನ್ನುವಾಗ ಹಿರಿಯರು ಬಗ್ಗಿ ಒಂದು ಕೆರೆಯನ್ನು ನೋಡಿದರು.

“ನೀರಿನ ಅಗಲ ಗೊತ್ತಾಗುತ್ತೆ, ಒಪ್ಪಿದೆ. ಆಳ?”

“ಅದನ್ನು ಪರೀಕ್ಷೆ ಮಾಡಿಲ್ಲ ಸರ್,” ಎಂದರು ಮೇಷ್ಟ್ರು.

“ಮಾಡಿದ್ವಲ್ಲ ಮೇಷ್ಟ್ರೇ!” ಎಂದು ಸಿದ್ದಶೆಟ್ಟರು ಮುಂದೆ ಬಂದರು. ಅವರ ಮುಖ ಅರಳಿತ್ತು. “ನೀವು ಬೆಂಗ್ಳೂರಿಗೆ ಓಗಿದ್ರಲ್ಲ, ಆಗ ಊಳಿನ ಕೆರೆ ಒಂದು, ಆಳದ ಕೆರೆ ಒಂದು ನಾನೇ ಮಾಡ್ಕೊಂಡ್ ಬಂದಿದ್ದೆ. ಈ ಅವ್ವ ಫೋಟ ತೆಗ್ದವ್ರೆ. ಕೇಳಿ ಬೇಕಾದ್ರೆ.”

ಎಲ್ಲರೂ ನನ್ನ ಕಡೆ ತಿರುಗಿದರು. ಮಾತು ಸರಾಗವಾಗಿಯೇ ಬಂತು.

“ಇಲ್ಲ ಸರ್. ಅಂಥ ಚಿತ್ರ ತೆಗೆದಿಲ್ಲ. ಅವರು ಬೇರೆ ಯಾವುದನ್ನೋ ನೆನಪು ಮಾಡಿಕೊಳ್ತಿದ್ದಾರೆ. ವಯಸ್ಸಾಗಿದೆ.”

“ಇಲ್ಲ ಕಣವ್ವ, ಮಂಗಳ್ವಾರ, ನೀನು ಕೆಂಪ್ ದೀಪದ ರೂಮಿಂದ ತಂದು ತೋರ್ಸಿದ್ದೆಯಲ್ಲ...”

“ಇಲ್ಲ ಶೆಟ್ಟರೇ,” ಎಂದೆ.

ಕೋಟಿನವರಲ್ಲಿ ಒಬ್ಬರು ಮುಗುಳ್ನಕ್ಕರು. ಮೇಷ್ಟ್ರು ಸಿದ್ದಶೆಟ್ಟರ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ, “ಇರ್ಲಿ ಬುಡಿ ಶೆಟ್ಟರೇ,” ಎಂದರು. ಸಿದ್ದಶೆಟ್ಟರು ನನ್ನನ್ನೇ ನೋಡುತ್ತಿದ್ದರು. ಅವರ ನೋಟದಲ್ಲಿ ಸಿಟ್ಟಿರಲಿಲ್ಲ. ಏನನ್ನೋ ಎಲ್ಲೋ ಇಟ್ಟು ಹುಡುಕುವವರ ಹಾಗೆ ನೋಡುತ್ತಿದ್ದರು. ಆಮೇಲೆ ಟವಲಿನಿಂದ ಕುತ್ತಿಗೆ ಒರೆಸಿಕೊಂಡು ಕೊಡದ ಹತ್ತಿರ ಹೋಗಿ ನಿಂತರು.

ಮೂರು ವಾರಕ್ಕೆ ಪತ್ರ ಬಂತು. ಕೆಲಸ ಮೆಚ್ಚುವಂಥದ್ದು, ಆದರೆ ಕೆರೆಯ ನೀರಿನ ಪ್ರಮಾಣ ತಿಳಿಯದ ಮೇಲೆ ಉದ್ದೇಶ ಸಾಧಿಸುವುದಿಲ್ಲ, ಆದ್ದರಿಂದ ಮುಂದುವರಿಸುವ ಅಗತ್ಯವಿಲ್ಲ ಎಂದಿತ್ತು. ಲಾಯವನ್ನು ಸೈಕಲ್ ನಿಲ್ಲಿಸಲು ತೆರವು ಮಾಡಿಸಿದರು. ತಾಲ್ಲೂಕನ್ನು ಗುದ್ದಲಿಯಲ್ಲಿ ಕೆತ್ತಿ ಬುಟ್ಟಿಯಲ್ಲಿ ಹೊತ್ತು ಹಾಕಿದರು. ಮೇಷ್ಟ್ರಿಗೆ ಜೂನ್‌ನಲ್ಲಿ ಚಾಮರಾಜನಗರಕ್ಕೆ ವರ್ಗವಾಯಿತು. ಸಿದ್ದಶೆಟ್ಟರು ಬೆಂಗಳೂರಿನವರು ಬಂದುಹೋದ ದಿನದಿಂದ ಕಾಲೇಜಿನ ಕಡೆ ಬರಲಿಲ್ಲ.

ನಾನು ಮಾತ್ರ ಅಲ್ಲೇ ಉಳಿದೆ. ಹುಡುಗರಿಗೆ ಲೋಲಕದ ಪ್ರಯೋಗ ಮಾಡಿಸುತ್ತಿದ್ದೆ. ಪಾಪನಿವೇದನೆಗೆ ಹೋಗಿ ಪಾದ್ರಿಗಳಿಗೆ ಹೇಳಿಕೊಂಡೆ. ಅವರು ಪ್ರಾರ್ಥನೆ ಹೇಳಿಕೊಳ್ಳಲು ಹೇಳಿದರು, ಹೇಳಿಕೊಂಡೆ. ಹಗುರಾಗಲಿಲ್ಲ. ವರ್ಷ ತಿರುಗಿ ಮತ್ತೆ ಯುಗಾದಿಯ ಬಿಸಿಲು ಬಂದಾಗ ತಡೆಯಲಾಗದೆ ಒಂದು ಶನಿವಾರ ರೈಲು ಹತ್ತಿ ಚಾಮರಾಜನಗರಕ್ಕೆ ಹೋದೆ.

ಮೇಷ್ಟ್ರು ಬಾಡಿಗೆ ಮನೆಯ ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ಕೂರಲು ಹೇಳಿ, ಒಳಗಿನಿಂದ ಮಜ್ಜಿಗೆ ತರಿಸಿದರು. ನಾನು ಲೋಟ ಮುಟ್ಟದೆ ಎಲ್ಲವನ್ನೂ ಹೇಳಿದೆ. ಅವರು ಬೈಯುತ್ತಾರೆಂದು ಕಾದೆ. ಅವರು ಒಂದು ಪತ್ರಿಕೆಯ ಹಿಂಬದಿಯಲ್ಲಿ ಎರಡು ಬೋಗುಣಿಗಳ ಚಿತ್ರ ಬರೆಯತೊಡಗಿದರು.

“ಎರಡು ದಿನ ಬಿಟ್ಟು ಇನ್ನೊಂದು ತೆಗಿ ಅಂದ್ರಾ?”

“ಹೌದು ಸರ್.”

“ಯಾಕೆ ಅಂತ ಕೇಳ್ಲಿಲ್ವಾ?”

“ಇಲ್ಲ.”

ಅವರು ಪೆನ್ಸಿಲಿನಿಂದ ಎರಡರಲ್ಲೂ ನೀರಿನ ಮಟ್ಟವನ್ನು ಅರ್ಧ ಬೆರಳು ಕೆಳಗೆ ಎಳೆದರು. ಆಳದ ಕೆರೆಯಲ್ಲಿ ನೀರಿನ ಅಗಲ ಹೆಚ್ಚುಕಡಿಮೆ ಹಾಗೇ ಉಳಿಯಿತು. ಹೂಳಿನ ಕೆರೆಯಲ್ಲಿ ಅಂಚು ಒಳಕ್ಕೆ ಸರಿದು ನೀರು ಅರ್ಧವಾಯಿತು. ಬಿಸಿಲಿಗೆ ಎರಡರಲ್ಲೂ ನೀರು ಒಂದೇ ಸಮ ಇಳಿಯುತ್ತದೆ, ಹೂಳಿನ ಕೆರೆ ಮಾತ್ರ ಬೇಗ ಕಿರಿದಾಗುತ್ತದೆ. ಒಂದು ಚಿತ್ರದಲ್ಲಿ ಕಾಣದ ಆಳ, ದಿನ ಬಿಟ್ಟು ತೆಗೆದ ಎರಡು ಚಿತ್ರಗಳಲ್ಲಿ ಕಾಣುತ್ತದೆ. ಉಪಗ್ರಹ ಅದೇ ದಾರಿಗೆ ಮತ್ತೆ ಎಷ್ಟು ದಿನಕ್ಕೆ ಬರುತ್ತದೆ ಎಂದು ಲೆಕ್ಕ ಮಾಡಿದವಳು ನಾನೇ. ಆ ಲೆಕ್ಕ ಯಾಕೆ ಬೇಕು ಎಂಬುದು ನನಗಿಂತ ಚೆನ್ನಾಗಿ ಸಿದ್ದಶೆಟ್ಟರಿಗೆ ಗೊತ್ತಿತ್ತು.

“ಉತ್ತರ ನಮ್ಮ ಲಾಯದಲ್ಲೇ ಇತ್ತು ಲೂರ್ದಮ್ಮ,” ಎಂದರು ಮೇಷ್ಟ್ರು. “ಇದನ್ನ ಅವರಿಗೆ ಹೇಳಿದ್ರಾ?”

“ಬೆಂಗಳೂರಿನವರಿಗಾ?”

“ಸಿದ್ದಶೆಟ್ಟರಿಗೆ.”

“ಇಲ್ಲ ಸರ್,” ಎಂದೆ. “ಮೊದಲು ಅಲ್ಲಿಗೆ ಹೋಗಬೇಕಿತ್ತು ನೀವು. ನಾನೂ ಅವತ್ತು ಇರ್ಲಿ ಬುಡಿ ಅಂದ್ಬಿಟ್ಟೆ,” ಎಂದರು. ಮುಂದೆ ಮೇಷ್ಟ್ರು ಮತ್ತೆ ಈ ಕೆಲಸಕ್ಕೆ ಕೈ ಹಾಕಲಿಲ್ಲ. ಪಾಠ ಹೇಳಿಕೊಂಡೇ ನಿವೃತ್ತರಾದರು. ನಮ್ಮ ದೇಶದ ಉಪಗ್ರಹಗಳು ಮೇಲೆ ಹೋಗಿ, ಕೆಲವು ದಿನಗಳಿಗೊಮ್ಮೆ ಅದೇ ಕೆರೆ ಕಟ್ಟೆಗಳ ಚಿತ್ರ ತೆಗೆದು ನೀರಿನ ಲೆಕ್ಕ ಹೇಳುವುದನ್ನು ನಾನು ಪತ್ರಿಕೆಗಳಲ್ಲಿ ಓದುವ ಹೊತ್ತಿಗೆ ಅವರು ಇರಲಿಲ್ಲ.

ಚಾಮರಾಜನಗರಕ್ಕೆ ಹೋಗಿಬಂದ ಮಾರನೆಯ ದಿನವೇ, ಭಾನುವಾರದ ಪೂಜೆ ಮುಗಿಸಿ, ಕುಂಬಾರಕೊಪ್ಪಲಿಗೆ ನಡೆದುಹೋದೆ. ಅಂಗಳದಲ್ಲಿ ಸಿದ್ದಶೆಟ್ಟರ ಅಳಿಯ ಮಡಕೆಯ ಚಕ್ರದ ಮುಂದೆ ಕೂತಿದ್ದ. ಸಿದ್ದಶೆಟ್ಟರು ಒಂದು ಪಕ್ಕದಲ್ಲಿ ಮಣ್ಣಿನೊಳಗಿನ ಕಲ್ಲು ಆರಿಸುತ್ತಿದ್ದರು. ಅದು ಮನೆಯ ಹೆಂಗಸರು ಮಕ್ಕಳು ಮಾಡುವ ಕೆಲಸ.

“ಶೆಟ್ಟರೇ, ಅವತ್ತು ನೀವು ಹೇಳಿದ್ದೇ ನಿಜ. ನಾವು ಫೋಟೋ ತೆಗೆದಿದ್ವಿ. ನಾನೇ ಸುಳ್ಳು ಹೇಳಿದ್ದು.”

ಅವರ ಕೈ ಮಣ್ಣಿನಲ್ಲೇ ನಿಂತಿತು. “ತೆಗ್ದಿದ್ವಾ?”

“ತೆಗೆದಿದ್ವಿ.”

“ಎಲ್ಡೂ ಕೆರೆ ಇಟ್ಟು? ಮಂಗಳ್ವಾರ?”

“ಮಂಗಳವಾರವೇ.”

“ನಾನು ಮರ್ತ್‌ಬುಟ್ಟಿವ್ನಿ ಅಂದ್ಕಂಡಿದ್ದೆ ಕಣವ್ವ,” ಎಂದರು. “ಓದಿದ್ ಎಣ್ಮಗ್ಳು ಇಲ್ಲ ಅಂತದೆ ಅಂದ್ರೆ ಇಲ್ದೇನೇ ಇರಬೇಕು. ಆಗದ್ನ ಆಯ್ತು ಅಂದು ಅಷ್ಟು ಜನದ್ ಮುಂದೆ ಮೇಷ್ಟ್ರ ಮಾನ ಕಳೆದ್‌ಬುಟ್ನಲ್ಲ ಅಂತ ಕೊರಗು. ಆಮ್ಯಾಕೆ ನನ್ ತಲೆ ಮ್ಯಾಲೇ ನಂಗೆ ನಂಬಿಕೆ ಓಯ್ತು. ಮಡಕೆ ಸುಡೋವಾಗ ಸೌದೆ ಎಷ್ಟಾಕ್ದೆ, ಎಷ್ಟೊತ್ತಾಯ್ತು ಅಂತ ಅನುಮಾನ. ಅದ್ಕೇ ಅಳಿಯನ್ಗೆ ಬುಟ್ಕೊಟ್ಟೆ.”

ಅವರು ಒಳಗೆ ಕೂಗಿದರು. “ಇವ್ಳೇ, ಬಾ ಇಲ್ಲಿ. ಈ ಅವ್ವ ಏನೇಳ್ತಾವ್ರೆ ಕೇಳು.” ಕೆಂಪಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದರು. “ಇನ್ನೊಂದ್ಸಲ ಏಳವ್ವ, ಇವ್ಳ ಮುಂದೆ.”

ಹೇಳಿದೆ. ಆಮೇಲೆ ಅಳಿಯನನ್ನು ಕರೆದರು. ಅವನ ಮುಂದೆಯೂ ಹೇಳಿದೆ. ಪಕ್ಕದ ಮನೆಯಲ್ಲಿದ್ದ ಅಣ್ಣನನ್ನೂ ಕರೆಸಿದರು. ನಾಲ್ಕನೇ ಸಲ ಹೇಳುವಾಗ ನಾನು ಅಳುತ್ತಿದ್ದೆ. ಸಿದ್ದಶೆಟ್ಟರ ಮುಖದಲ್ಲಿ ನಗುವಿತ್ತು. “ನೋಡ್ದಾ? ನೋಡ್ದಾ?” ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದರು. ಕೆಂಪಮ್ಮ ಮಾತ್ರ ನಗಲಿಲ್ಲ. “ಇದ್ನ ಏಳಕ್ಕೆ ಒಂದ್ ವರ್ಸ ಬೇಕಾಯ್ತೇನವ್ವ?” ಎಂದು ಒಳಗೆ ಹೋದರು. ಅವತ್ತು ನನಗೆ ಊಟಕ್ಕೆ ಏಳು ಎನ್ನಲಿಲ್ಲ.

ಎರಡು ತಿಂಗಳು ಬಿಟ್ಟು ಮತ್ತೆ ಹೋದೆ. ಅಂಗಳದಲ್ಲಿ ಮಡಕೆ ಸುಡುತ್ತಿದ್ದರು. ಸಿದ್ದಶೆಟ್ಟರು ಬೆಂಕಿಯ ಹತ್ತಿರವೇ ಇದ್ದರು. ನನಗೆ ಸಮಾಧಾನವಾಯಿತು. ಅವರು ಒಂದು ಸೌದೆ ಹಾಕಿ ಅಳಿಯನ ಕಡೆ ತಿರುಗಿ, “ಸಾಕಾ? ಇನ್ನೊಂದಾಕ್ಲಾ?” ಎಂದರು. ಅವನು ಸಾಕು ಎಂದ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು.

“ಶೆಟ್ಟರೇ, ನೀವು ಮರೆತಿರಲಿಲ್ಲ ಅಂತ ಈಗ ಗೊತ್ತಾಯ್ತಲ್ಲ,” ಎಂದೆ.

“ಗೊತ್ತಾಯ್ತು ಕಣವ್ವ,” ಎಂದರು, ಬೆಂಕಿಯಿಂದ ಕಣ್ಣು ತೆಗೆಯದೆ. “ಆದ್ರೆ ಒಂದ್ ವರ್ಸ ಇನ್ನೊಬ್ರನ್ನ ಕೇಳಿ ಕೇಳಿ ಅದೇ ಅಭ್ಯಾಸ ಆಗೋಗದೆ.”